ಹಾಸಿಗೆಯಾಚೆಯ ಹೂಂ

ನಮ್ಮ ಕೆಲಸದಲ್ಲಿ 'ಹೂಂ' ಅನ್ನುವುದಕ್ಕೆ ಒಂದೇ ಅರ್ಥ. ಕೈ ತೆಗೆದಿದ್ದೇನೆ, ಚುಚ್ಚು ಅಂತ.

ನಾನೂ ನಮ್ಮವರೂ ಹತ್ತಿ ಹಾಸಿಗೆ ಹೊಲಿಯುವವರು. ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯೇ ಅಂಗಡಿ, ಹಿಂದಿನ ಎರಡು ಕೋಣೆ ಮನೆ. ಹತ್ತಿ ತುಂಬಿದ ಹಾಸಿಗೆಯನ್ನು ಮರದ ಚೌಕಟ್ಟಿಗೆ ಬಿಗಿದು ಗೋಡೆಯ ಹಾಗೆ ನಿಲ್ಲಿಸುತ್ತೇವೆ. ಅವರು ಬೀದಿಯ ಕಡೆ, ನಾನು ಒಲೆಯ ಕಡೆ. ಮೊಳದುದ್ದದ ದಬ್ಬಣವನ್ನು ಅವರು ಆಚೆಯಿಂದ ಚುಚ್ಚಿದರೆ ಅದು ನನ್ನ ಕಡೆ ಹೊರಬರುತ್ತದೆ. ನಾನು ದಾರ ಬಿಗಿದು ಅದನ್ನೇ ತಿರುಗಿ ಅವರ ಕಡೆ ಚುಚ್ಚುತ್ತೇನೆ. ನಡುವೆ ಹತ್ತಿ ಇರುವುದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಹತ್ತಿ ಒತ್ತಿ ಹಿಡಿದ ಕೈಯನ್ನು ತೆಗೆದ ಮೇಲೆ ಹೂಂ ಅನ್ನಬೇಕು, ಅಂದ ಮೇಲಷ್ಟೇ ಆಚೆಯವರು ಚುಚ್ಚಬೇಕು. ಮದುವೆಯಾದ ಹೊಸದರಲ್ಲಿ ನಾನು ಏನೋ ಯೋಚನೆಯಲ್ಲಿ ಸುಮ್ಮನೆ ಹೂಂ ಅಂದು ಅಂಗೈ ತೂತು ಮಾಡಿಕೊಂಡಿದ್ದೆ. ಬಟ್ಟೆ ಕಟ್ಟುತ್ತಾ ನಮ್ಮವರು ಹೇಳಿದ ಮಾತು ಇನ್ನೂ ನೆನಪಿದೆ.

"ಬೇರೆ ಎಲ್ಲಿ ಬೇಕಾದ್ರೂ ಸುಳ್ಳು ಹೇಳು. ಇಲ್ಲಿ ಮಾತ್ರ ಹೂಂ ಅಂದ್ರೆ ಹೂಂ."

ನಮ್ಮ ಸಂಸಾರ ನಡೆದದ್ದೂ ಹೀಗೆ ಹಾಸಿಗೆಯ ಮೂಲಕವೇ. ಇದನ್ನು ಕೇಳಿದರೆ ಪಕ್ಕದಂಗಡಿಯ ಬೀಗ ರಿಪೇರಿಯವನು ಹಲ್ಲು ಕಿರಿಯುತ್ತಾನೆ, ಕಿರಿಯಲಿ. ಎದುರೆದುರು ಕೂತರೆ ನಮ್ಮಿಬ್ಬರಿಗೂ ಮಾತು ಹೊರಡುವುದಿಲ್ಲ. ಹತ್ತಿ ಅಡ್ಡವಿದ್ದರೆ ಹೊಟ್ಟೆಯಲ್ಲಿರುವುದೆಲ್ಲ ಹೊರಗೆ ಬರುತ್ತದೆ. ಮಗಳಿಗೆ ಗಂಡು ಗೊತ್ತು ಮಾಡಿದ್ದು, ಅತ್ತೆಯ ಕಣ್ಣಿನ ಆಪರೇಷನ್ನಿನ ಮಾತು, ಯಾರು ಯಾರಿಗೆ ಏನಂದರು ಅನ್ನುವುದು, ಎಲ್ಲ ಅಲ್ಲೇ. ಜಗಳವೂ ಅಲ್ಲೇ. ಬೈದಾಡುತ್ತಿರುವಾಗಲೂ ನಡುನಡುವೆ ಹೂಂ, ಹೂಂ ಎಂದು ದಬ್ಬಣ ಓಡಾಡುತ್ತಲೇ ಇರುತ್ತಿತ್ತು.

ಹಳೆಯ ಹಾಸಿಗೆ ಬಿಚ್ಚಿದರೆ ಒಳಗೆ ಏನೇನೋ ಸಿಗುತ್ತದೆ. ಬಾಚಣಿಗೆ, ಗೋಲಿ, ಪಿನ್ನು, ಒಂದು ಸಲ ಯಾರದೋ ಹಲ್ಲಿನ ಸೆಟ್ಟು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳ ಹಾಸಿಗೆಯಲ್ಲಿ, ಹರಿದ ಹೊಲಿಗೆಯ ಸಂದಿಯಿಂದ ಒಳಗೆ ಜಾರಿದ್ದ ಎಂಪಿತ್ರೀ ಪ್ಲೇಯರ್ ಅನ್ನುವ ಹಾಡಿನ ಡಬ್ಬಿ ಸಿಕ್ಕಿತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಇಯರ್‌ಫೋನೂ ಅದಕ್ಕೇ ಸುತ್ತಿಕೊಂಡಿತ್ತು. ಸಿಕ್ಕಿದ್ದನ್ನು ವಾಪಸ್ ಕೊಡುವುದು ನಮ್ಮ ಅಂಗಡಿಯ ಕ್ರಮ. ಅವಳು ನೋಡಿ ನಕ್ಕುಬಿಟ್ಟಳು. ಈಗ ಹಾಡೆಲ್ಲ ಫೋನಿನಲ್ಲೇ ಇವೆ, ಇದನ್ನು ನೀವೇ ಇಟ್ಟುಕೊಳ್ಳಿ ಅಂದಳು. ಮರುವಾರ ನೆನಪಿಟ್ಟು ಅದರ ಚಾರ್ಜರ್ ವೈರನ್ನೂ ತಂದುಕೊಟ್ಟಳು. ಅದರ ಬಾಯಿ ಹಳೆಯ ತರಹದ್ದಂತೆ, ಬೇರೆ ಯಾವ ವೈರೂ ಅದಕ್ಕೆ ಕೂರುವುದಿಲ್ಲವಂತೆ.

ಒಳ್ಳೆಯದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇವಳು ಬರೀ ದೂರುತ್ತಾಳೆ ಅನ್ನುತ್ತೀರಿ. ನಮ್ಮವರದು ಮೂಗಿನ ತುದಿಯಲ್ಲೇ ಕೋಪ. ಬೀಗದವನು ಕಬ್ಬಿಣ ಉಜ್ಜಲು ಶುರು ಮಾಡಿದರೆ ಇವರ ಬೈಗುಳವೂ ಶುರುವಾಗುತ್ತಿತ್ತು, ಎರಡರಲ್ಲಿ ಯಾವುದು ಹೆಚ್ಚು ಕರ್ಕಶ ಎಂದು ಹೇಳುವುದು ಕಷ್ಟ. ಹಾಡಿನ ಡಬ್ಬಿಯನ್ನು ಇವರು ಕಿವಿಗೆ ಹಾಕಿಕೊಂಡ ಮೇಲೆ ಆ ಬೈಗುಳ ನಿಂತಿತು. ಸೊಂಟನೋವು ಮರೆತುಹೋಯಿತು. ಚೌಕಾಸಿ ಮಾಡುವ ಗಿರಾಕಿಗಳ ಮುಂದೆ ಕಿವಿ ಮುಚ್ಚಿಕೊಂಡು ನಗುತ್ತಾ ನಿಂತರೆ ಅವರೇ ಸುಸ್ತಾಗಿ ಒಪ್ಪಿಕೊಳ್ಳುತ್ತಿದ್ದರು. ಡಬ್ಬಿಗೆ ಯಾರೂ ಕರೆ ಮಾಡುವುದಿಲ್ಲ, ಅದರಲ್ಲಿ ಸುದ್ದಿ ಬರುವುದಿಲ್ಲ, ಇರುವುದು ಬರೀ ಹಾಡು. ಅದೂ ಆ ಬ್ಯಾಂಕಿನ ಹುಡುಗಿ ತುಂಬಿಟ್ಟ ಹಾಡುಗಳು, ಕೆಲವಂತೂ ಯಾವ ಭಾಷೆಯವೋ ದೇವರಿಗೇ ಗೊತ್ತು. ಐವತ್ತು ದಾಟಿದ ಗಂಡಸು ಸೊಂಟ ಕುಣಿಸುತ್ತಾ ಹಾಸಿಗೆ ಹೊಲಿಯುವುದನ್ನು ಬೀದಿಯವರು ನಿಂತು ನೋಡುತ್ತಿದ್ದರು. ನಾನೂ ನಕ್ಕಿದ್ದೇನೆ.

ಆದರೆ ನನ್ನ ಹೂಂ ಅವರಿಗೆ ಕೇಳಿಸದಾಯಿತು. ಅದಕ್ಕೆ ಅವರೇ ಉಪಾಯ ಹೇಳಿಕೊಟ್ಟರು. ಕೈ ತೆಗೆದ ಮೇಲೆ ದಾರವನ್ನು ಒಂದು ಸಲ ಜಗ್ಗು, ನಾನು ಚುಚ್ಚುತ್ತೇನೆ ಅಂದರು. ನಾನು ಜಗ್ಗಿದಾಗಲೆಲ್ಲ ಅಭ್ಯಾಸಬಲದಿಂದ ಆಚೆಯಿಂದ ಹೂಂ ಬರುತ್ತಿತ್ತು. ಕೆಲಸ ನಿಲ್ಲಲಿಲ್ಲ, ಮಾತು ನಿಂತಿತು. ಒಂದು ದಿನ, ಒಂದು ಕಿವಿಯದನ್ನಾದರೂ ನನಗೆ ಕೊಡಿ, ಇಬ್ಬರೂ ಕೇಳೋಣ ಅಂದೆ. ಕೊಟ್ಟರು, ಆದರೆ ಅದರ ತಂತಿ ಹಾಸಿಗೆ ದಾಟಿ ಬರಲಿಲ್ಲ. ಅಂದಿನಿಂದ ನಾನು ಹೇಳುವುದನ್ನೆಲ್ಲ ಹತ್ತಿಗೇ ಹೇಳುತ್ತಾ ಬಂದೆ. ಕೇಳಿಸಿಕೊಳ್ಳುವುದರಲ್ಲಿ ಹತ್ತಿಯೇ ವಾಸಿ.

ಇನ್ನು ನನ್ನ ತಂಗಿಯ ವಿಷಯ. ಅವಳ ಗಂಡ, ಅಂದರೆ ನಮ್ಮವರ ಷಡ್ಡಕ, ಹಾಸ್ಟೆಲುಗಳಿಗೆ ಮಂಚ ಹಾಸಿಗೆ ಸರಬರಾಜು ಮಾಡುವವನು. ನಮ್ಮ ದೊಡ್ಡ ಆರ್ಡರೆಲ್ಲ ಬರುವುದು ಅವನ ಕೈಯಿಂದ. ಹೊರಗೆ ಅವನಷ್ಟು ಮರ್ಯಾದಸ್ಥ ಇನ್ನೊಬ್ಬನಿಲ್ಲ. ಮನೆಯಲ್ಲಿ ಹೊಡೆಯುತ್ತಾನೆ. ಬಟ್ಟೆ ಮುಚ್ಚುವ ಜಾಗ ನೋಡಿ ಹೊಡೆಯುತ್ತಾನೆ. ಮಗಳು ಮದುವೆಯಾಗಿ ಹೋದ ಮೇಲೆ ನಮ್ಮ ಒಂದು ಕೋಣೆ ಖಾಲಿಯಿತ್ತು, ಬಂದುಬಿಡು ಎಂದು ನಾನು ಎಷ್ಟೋ ಸಲ ಕರೆದಿದ್ದೆ. ಅವಳು ಹೆದರುತ್ತಿದ್ದದ್ದು ಒಂದಕ್ಕೇ.

"ಭಾವ ಹೂಂ ಅಂದ್ರೆ ಮಾತ್ರ ಬರ್ತೀನಿ ಅಕ್ಕಾ. ಒಂದ್ಸಲ ಹೊರಟು, ನಿಮ್ಮನೆಯಿಂದ ವಾಪಸ್ ಹೋಗೋ ಹಾಗಾದ್ರೆ ಅಲ್ಲಿಗೆ ನನ್ನ ಕಥೆ ಮುಗೀತು."

ಆ ದಿನಗಳಲ್ಲಿ ತಂಗಿಯ ಗಂಡ ಕೊಡಿಸಿದ ಹಾಸ್ಟೆಲ್ ಆರ್ಡರಿನ ಹತ್ತಿ ಇಳಿಸಲು ಜಾಗ ಬೇಕೆಂದು ಮೂಲೆ ಗುಡಿಸುತ್ತಿದ್ದೆ. ಚೀಲಗಳ ಹಿಂದೆ ಇಲಿ ಕಚ್ಚಿ ತುಂಡು ಮಾಡಿದ ಕಪ್ಪು ವೈರು ಸಿಕ್ಕಿತು. ಹತ್ತಿ ಇದ್ದಲ್ಲಿ ಇಲಿ ಇದ್ದದ್ದೇ. ಹಳೆಯ ಟೇಬಲ್ ಫ್ಯಾನಿನದೋ ಏನೋ ಅಂದುಕೊಂಡು ಎತ್ತಿ ಮೊಳೆ ಡಬ್ಬಕ್ಕೆ ಹಾಕಿದೆ. ನಮ್ಮ ಮನೆಯಲ್ಲಿ ಏನನ್ನೂ ಎಸೆಯುವ ಪದ್ಧತಿಯಿಲ್ಲ.

ಹತ್ತಿ ಬಂತು. ಹಿಂಜಿ, ತುಂಬಿ, ಮೊದಲ ಹಾಸಿಗೆ ನಿಲ್ಲಿಸಿದೆವು. ಇಯರ್‌ಫೋನಿನಿಂದ ಯಾವಾಗಲೂ ಸೋರುವ ಚಿರಿಪಿರಿ ಸದ್ದು ಅವತ್ತು ಇರಲಿಲ್ಲ. ಕಿವಿಯಿಂದ ತೆಗೆದಿದ್ದಾರೆ, ಇದೇ ಸಮಯ ಅಂದುಕೊಂಡೆ. ದಬ್ಬಣ ನನ್ನ ಕಡೆಗೆ ಬಂದಿತ್ತು. ದಾರ ಜಗ್ಗದೆ, ದಬ್ಬಣವನ್ನು ಕೈಯಲ್ಲೇ ಹಿಡಿದು ನಿಂತೆ. ತಂಗಿಗೆ ಅವಳ ಗಂಡ ಮಾಡುತ್ತಿರುವುದನ್ನೆಲ್ಲ ಹೇಳಿದೆ. ಆಮೇಲೆ ಕೇಳಿದೆ.

"ಅವ್ಳು ಇಲ್ಲಿಗೇ ಬಂದು ಇರ್ಲಾ? ಇನ್ನು ಅಲ್ಲಿಗೆ ವಾಪಸ್ ಹೋಗಲ್ಲ."

ಆಮೇಲೆ ಹಾಸಿಗೆಯಾಚೆಯಿಂದ ಬಂತು.

"ಹೂಂ."

ಹತ್ತಿಗೆ ಮುಖವಿಟ್ಟು ಅತ್ತೆ. ಇಷ್ಟು ವರ್ಷದಲ್ಲಿ ಆ ಗಂಡಸಿನ ಮೇಲೆ ನನಗೆ ಅಷ್ಟು ಪ್ರೀತಿ ಹುಟ್ಟಿದ್ದು ಅವತ್ತೇ ಇರಬೇಕು. ಸಂಜೆಯೇ ತಂಗಿಗೆ ಫೋನ್ ಮಾಡಿ ಹೇಳಿದೆ.

ಅವಳು ಒಂದು ಬ್ಯಾಗು ಹಿಡಿದು ಮರುದಿನ ಮಧ್ಯಾಹ್ನದ ಹೊತ್ತಿಗೆ ಬಂದಳು. ಗಂಡ ಸಂಜೆಗೇ ಮನೆಗೆ ಬರುವುದು, ಅಷ್ಟರಲ್ಲಿ ಹೊರಟುಬಂದೆ ಅಂದಳು. ಅವಳನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ ನೀರು ಕೊಟ್ಟು ಅಂಗಡಿಗೆ ಬಂದರೆ ನಮ್ಮವರ ಮುಖ ಬಿಳಿಚಿಕೊಂಡಿತ್ತು. ಇಯರ್‌ಫೋನು ಕುತ್ತಿಗೆಯಲ್ಲಿ ಜೋತಾಡುತ್ತಿತ್ತು. ಬ್ಯಾಗು ಯಾಕೆ ತಂದಿದ್ದಾಳೆ ಎಂದು ಕೇಳಿದರು.

"ನಿಮ್ಮನ್ನ ಕೇಳಿದ್ನಲ್ಲ. ಹೂಂ ಅಂದ್ರಲ್ಲ."

"ಯಾವಾಗ ಕೇಳ್ದೆ? ನನ್ ಕಿವೀಲಿ ಹಾಡಿತ್ತು, ಹೊರಗೆ ಸೋರದ ಹಾಗೆ ಒತ್ತಿ ಇಟ್ಕೊಂಡಿದ್ದೆ. ಹಾಡಿಗೆ ಹೂಂ ಅಂದಿರ್ತೀನಿ."

ನಾನು ದಾರ ಜಗ್ಗಿರಲಿಲ್ಲ, ದಬ್ಬಣ ನನ್ನ ಕೈಯಲ್ಲೇ ಇತ್ತು, ಜಗ್ಗದೆ ಹೂಂ ಬರುವುದು ಹೇಗೆ ಎಂದು ಕೇಳಿದೆ. ಅವರು ಡಬ್ಬಿಯನ್ನು ಜೇಬಿನಿಂದ ತೆಗೆದು ನನ್ನ ಮುಖದ ಮುಂದೆ ಹಿಡಿದರು, ಸಾಕ್ಷಿ ತೋರಿಸುವ ಹಾಗೆ. ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ನಾಳೆ ಷಡ್ಡಕ ಬಂದು ಕೇಳಿದರೆ ಏನು ಹೇಳಲಿ, ಹಾಸ್ಟೆಲಿನ ಬಟ್ಟೆಯೆಲ್ಲ ಕತ್ತರಿಸಿ ಆಗಿದೆ, ಕೇಳಿಸಿಕೊಂಡಿದ್ದರೆ ಅವತ್ತೇ ಬೇಡ ಅನ್ನುತ್ತಿದ್ದೆ ಅಂದರು. ಎಲ್ಲವನ್ನೂ ಮೆಲ್ಲಗೆ ಅಂದರು, ಆದರೆ ನಮ್ಮ ಕೋಣೆಗಳ ನಡುವೆ ಇರುವುದು ಒಂದು ಪರದೆ ಅಷ್ಟೇ.

ತಂಗಿ ಬ್ಯಾಗು ಎತ್ತಿಕೊಂಡು ಹೊರಗೆ ಬಂದಳು. ನೀರಿನ ಲೋಟವನ್ನು ತೊಳೆದಿಟ್ಟು ಬಂದಿದ್ದಳು.

"ಭಾವನದೇನು ತಪ್ಪು ಅಕ್ಕಾ? ಅವ್ರಿಗೆ ಕೇಳ್ಸಿಲ್ಲ, ಅಷ್ಟೇ. ಈಗ್ಲೇ ಹೋದ್ರೆ ನಮ್ಮನೆಯವ್ರು ಬರೋಕೆ ಮುಂಚೆ ಮನೆ ಸೇರ್ಕೋತೀನಿ."

ಸೇರಿಕೊಳ್ಳಲಾಗಲಿಲ್ಲ. ಅವತ್ತು ಅವನು ಬೇಗ ಬಂದು ಬಾಗಿಲಲ್ಲೇ ನಿಂತಿದ್ದನಂತೆ, ಅವರ ಪಕ್ಕದ ಮನೆಯವರು ಹೇಳಿದರು. ಈಗ ಅವಳ ಫೋನು ಅವನ ಹತ್ತಿರ ಇರುತ್ತದೆ. ನಾನು ಮಾಡಿದರೆ ಅವನೇ ಎತ್ತಿ, ಚೆನ್ನಾಗಿದ್ದಾಳೆ, ಮಲಗಿದ್ದಾಳೆ ಅನ್ನುತ್ತಾನೆ. ಮನೆಗೇ ಹೋದೆ, ಬಾಗಿಲು ತೆರೆಯಲಿಲ್ಲ. ಕಿಟಕಿಯ ಹಿಂದೆ ಪರದೆ ಒಂದಿಷ್ಟು ಅಲ್ಲಾಡಿತು. ಹಾಸ್ಟೆಲಿನ ಎರಡನೆಯ ಆರ್ಡರ್ ಮಾತ್ರ ತಪ್ಪದೆ ಬಂತು, ಮೊದಲಿನದಕ್ಕಿಂತ ದೊಡ್ಡದು.

ಆ ದಿನಗಳಲ್ಲಿ ನಾನು ಶಾಪ ಹಾಕಿದ್ದೆಲ್ಲ ಆ ಡಬ್ಬಿಗೆ. ಹಾಳಾದ್ದು ಆ ಬ್ಯಾಂಕಿನವಳ ಹಾಸಿಗೆಯಲ್ಲೇ ಕೊಳೆಯಬಾರದಿತ್ತೇ ಎಂದು ಬೈದೆ. ಗಂಡನನ್ನು ಬೈಯಲಿಲ್ಲ. ಕೇಳಿಸದವರನ್ನು ಏನೆಂದು ಬೈಯುವುದು?

ಮೊನ್ನೆ ಬೆಳಿಗ್ಗೆ ಅವರು ಸ್ನಾನಕ್ಕೆ ಹೋಗಿದ್ದಾಗ ಡಬ್ಬಿ ಕಿಟಕಿಯ ಮೇಲಿತ್ತು. ನನ್ನ ತಂಗಿಯನ್ನು ವಾಪಸ್ ಕಳಿಸಿದ ಆ ಹಾಡು ಯಾವುದು, ನಾನೂ ಒಂದು ಸಲ ಕೇಳುತ್ತೇನೆ ಅನ್ನಿಸಿತು. ಕಿವಿಗೆ ಸಿಕ್ಕಿಸಿಕೊಂಡು ಗುಂಡಿ ಒತ್ತಿದೆ. ಏನೂ ಇಲ್ಲ. ದೀಪವೂ ಹತ್ತಲಿಲ್ಲ. ಅದರ ಬ್ಯಾಟರಿ ಹಳೆಯದು, ಪ್ರತಿದಿನ ವೈರಿಗೆ ಹಾಕದಿದ್ದರೆ ಮರುದಿನ ಮಧ್ಯಾಹ್ನಕ್ಕೇ ಸುಮ್ಮನಾಗುತ್ತದೆ ಎಂದು ಅವರೇ ಹೇಳುತ್ತಿದ್ದರು. ವೈರು ಸ್ವಿಚ್ಚಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ಮೊಳೆ ಬರಿದಾಗಿತ್ತು.

ಮೊಳೆ ಡಬ್ಬ ತೆಗೆದು ಆ ಇಲಿ ಕಚ್ಚಿದ ತುಂಡನ್ನು ಹುಡುಕಿದೆ. ಅದರ ತುದಿಯನ್ನು ಡಬ್ಬಿಯ ಬಾಯಿಗೆ ಇಟ್ಟೆ. ಟಕ್ಕೆಂದು ಕೂತಿತು.

ಆ ವೈರು ನನಗೆ ತುಂಡಾಗಿ ಸಿಕ್ಕಿದ್ದು ಹಾಸ್ಟೆಲಿನ ಹತ್ತಿ ಮನೆಗೆ ಬರುವುದಕ್ಕೆ ಮುಂಚೆ. ತಂಗಿಯ ವಿಷಯ ನಾನು ಅವರನ್ನು ಕೇಳಿದ್ದು ಆ ಹತ್ತಿಯ ಹಾಸಿಗೆ ಹೊಲಿಯುವಾಗ. ಹಾಗಾದರೆ ಅವತ್ತು ಹಾಡಿರಲಿಲ್ಲ. ನನ್ನ ಒಂದೊಂದು ಮಾತೂ ಆ ಕಿವಿಗೆ ಬಿದ್ದಿದೆ. ಎಲ್ಲವನ್ನೂ ಕೇಳಿಸಿಕೊಂಡು, ಅವಳಿಗೆಲ್ಲಿ ಅಷ್ಟು ಧೈರ್ಯ, ಬರಲಾರಳು ಎಂದು ಲೆಕ್ಕ ಹಾಕಿ ಹೂಂ ಅಂದಿದ್ದಾರೆ. ಬಂದಾಗ ಡಬ್ಬಿ ತೋರಿಸಿದ್ದಾರೆ. ಅಷ್ಟು ದಿನದಿಂದಲೂ ಸತ್ತ ಡಬ್ಬಿಯನ್ನು ಕಿವಿಗೆ ಕಟ್ಟಿಕೊಂಡು ತಲೆಯಾಡಿಸುತ್ತಿದ್ದಾರೆ. ಜಾಣಕಿವುಡು ಅನ್ನುವುದನ್ನು ಕೇಳಿದ್ದೆ, ಅದಕ್ಕೊಂದು ಯಂತ್ರವೂ ಬಂದಿದೆ ಎಂದು ಗೊತ್ತಿರಲಿಲ್ಲ. ಅಂಗೈ ತೂತಾದವಳಿಗೆ ಬಟ್ಟೆ ಕಟ್ಟಿದ ಕೈ ಇದೇನಾ ಅನ್ನಿಸಿತು.

ಅವರು ತಲೆ ಒರೆಸಿಕೊಂಡು ಅಂಗಡಿಗೆ ಬಂದಾಗ ನಾನು ಹಾಸಿಗೆ ನಿಲ್ಲಿಸಿ, ನನ್ನ ಕಡೆ ನಿಂತಿದ್ದೆ. ಡಬ್ಬಿಯನ್ನು ಸೆರಗಿಗೆ ಸಿಕ್ಕಿಸಿಕೊಂಡಿದ್ದೆ, ಇಯರ್‌ಫೋನು ನನ್ನ ಕಿವಿಯಲ್ಲಿತ್ತು. ಅವರು ಕಿಟಕಿ ನೋಡಿದರು, ಜೇಬು ಮುಟ್ಟಿಕೊಂಡರು, ಆಮೇಲೆ ಚೌಕಟ್ಟು ಸುತ್ತಿ ಬಂದು ನನ್ನನ್ನು ನೋಡಿದರು. ಅದು ಓಡುತ್ತಿಲ್ಲ ಎಂದು ಹೇಳಬೇಕಾದರೆ, ಓಡುವುದಿಲ್ಲ ಎಂದು ತಮಗೆ ಗೊತ್ತು ಅಂತಲೂ ಹೇಳಬೇಕು.

"ಏನ್ ಕೇಳ್ತಿದೀಯ?" ಅಂದರು ಕೊನೆಗೆ.

"ನೀವು ಅವತ್ತು ಕೇಳ್ತಿದ್ರಲ್ಲ, ಅದೇ ಹಾಡು."

ಅವರು ತಮ್ಮ ಕಡೆಗೆ ಹೋಗಿ ದಬ್ಬಣ ಹಿಡಿದು ನಿಂತದ್ದು ಗೊತ್ತಾಯಿತು. ನಾನು ಎರಡೂ ಕೈಯನ್ನು ಹತ್ತಿಯ ಮೇಲೆ ಚಪ್ಪಟೆಯಾಗಿ ಒತ್ತಿ ಇಟ್ಟೆ. ದಾರ ಜಗ್ಗಲಿಲ್ಲ.

"ಕೈ ತೆಗ್ದಿದೀಯೇನೇ?" ಎಂದು ಆಚೆಯಿಂದ ಕೇಳಿದರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೇಳಿದರು. ಮೂರನೆಯ ಸಲವೂ ಕೇಳಿದರು, ಚುಚ್ಚಲಿಲ್ಲ.

ನಾನು ಹೂಂ ಅನ್ನಲಿಲ್ಲ.