ಮೂರು ಸೆಕೆಂಡಿನ ಹಕ್ಕಿ

"ನಿಮ್ಮ ಮಗಳಿಂದ ಆ ಹಕ್ಕಿ ಸಿಕ್ತಮ್ಮ," ಎಂದರು ಅರಣ್ಯ ಕಚೇರಿಯ ಮುಖ್ಯಸ್ಥರು.

ವರ್ಷಗಳಿಂದ ಯಾರ ಕಿವಿಗೂ ಬೀಳದ ಹಕ್ಕಿ. ಅದನ್ನು ಹುಡುಕುತ್ತ ಕಾಡು ಸುತ್ತಿದ ನನ್ನ ಮಗಳು ಜ್ವರ ಹಿಡಿದು ತೀರಿಕೊಂಡಳು. ಅವಳು ಮರಗಳಿಗೆ ಕಟ್ಟಿದ್ದ ಸದ್ದು ಹಿಡಿಯುವ ಪೆಟ್ಟಿಗೆಗಳಲ್ಲಿದ್ದುದನ್ನು ಈಗ ಕಂಪ್ಯೂಟರು ಕೇಳಿ ವಿಂಗಡಿಸಿದೆಯಂತೆ. ಉಪಗ್ರಹದ ಚಿತ್ರಗಳಲ್ಲಿ ಕಾಡು ಹಸಿರಾಗಿದೆ, ಒಳಗೆ ಹಕ್ಕಿಯೂ ಇದೆ. ಆದ್ದರಿಂದ ಒಂದು ಪಾಲು ಕಡಿದರೂ ಚಿಂತೆಯಿಲ್ಲ ಎಂಬುದು ವರದಿ. ಅದನ್ನು ನನ್ನ ಮಗಳಿಗೆ ಅರ್ಪಿಸಿ, ನನಗೆ ಶಾಲು ಹೊದಿಸಲು ಕರೆಸಿದ್ದರು. ದೇವರ ದಯೆಯೆಂದು ಕೈ ಮುಗಿದೆ.

ಯಂತ್ರ ನೋಡಿಕೊಳ್ಳುವ ಹುಡುಗಿ ಆ ಕೂಗನ್ನು ಕೇಳಿಸಿದಳು. ಮುಗಿದ ಕೈ ಹಾಗೆಯೇ ನಿಂತಿತು. ಕೊನೆಯಲ್ಲಿ ಉಸಿರು ಸೋರುವ ಆ ಸಿಳ್ಳೆ! ಮುಂಬಲ್ಲು ಬಿದ್ದ ವಯಸ್ಸಿನಲ್ಲಿ ಕಲಿತದ್ದು. ಬಚ್ಚಲಿನಿಂದ ಟವೆಲ್ ಕೇಳುವುದಕ್ಕೂ ಅವಳು ಹೀಗೆಯೇ ಹಕ್ಕಿಯಾಗುತ್ತಿದ್ದಳು.

"ಇದು ಹಕ್ಕಿ ಅಲ್ಲ. ನನ್ನ ಮಗಳು. ಹಕ್ಕಿ ಉತ್ತರ ಕೊಡಲಿ ಅಂತ ಕೂಗಿದಾಳೆ."

"ಸಾವಿರಾರು ಕೂಗು ಕೇಳಿ ಕಲಿತ ಯಂತ್ರ ಅಮ್ಮ ಇದು," ಎಂದರು ಮುಖ್ಯಸ್ಥರು.

"ಹೆತ್ತವಳಿಗೆ ಕಲಿಸೋಕೆ ಬರಬೇಡಿ. ಮುಂದೇನಿದೆ, ಕೇಳಿಸಿ."

ಹುಡುಗಿ ತಡವರಿಸಿದಳು. "ಯಂತ್ರ ಮೂರು ಮೂರು ಸೆಕೆಂಡು ತುಂಡು ಮಾಡಿ ಕೇಳುತ್ತೆ ಅಜ್ಜಿ. ಮುಂದಿನ ತುಂಡುಗಳಲ್ಲಿ ಹಕ್ಕಿ ಇಲ್ಲ ಅಂತು. ಯಾರೂ ತೆರೆದಿಲ್ಲ."

"ತೆರಿ."

ಎಲೆಗಳ ಸದ್ದು. ಗಾಳಿ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ನನ್ನ ಮಗಳು ತನಗೆ ತಾನೇ ಹೇಳಿಕೊಂಡಳು: "ಇವತ್ತೂ ಇಲ್ಲ."

ಜೊತೆಗೆ ಬಂದಿದ್ದ ನನ್ನ ಅಣ್ಣ ಕನ್ನಡಕ ತೆಗೆದು ಒರೆಸಿಕೊಂಡ. ಮುಖ್ಯಸ್ಥರು ಧ್ವನಿ ನಿಲ್ಲಿಸಲು ಹುಡುಗಿಗೆ ಸನ್ನೆ ಮಾಡಿದರು. "ವರದಿ ಅಚ್ಚಿಗೆ ಹೋಗಿದೆಯಮ್ಮ. ಒಂದು ಹಕ್ಕಿ ತಾನೇ."

"ಬಿಡೇ ತಂಗಿ," ಎಂದ ಅಣ್ಣ. "ಮಗೂ ಹೆಸರಾದ್ರೂ ಉಳಿಯುತ್ತೆ."

ಮೈಯೆಲ್ಲ ಉರಿದುಹೋಯಿತು. "ಯಾವ ಹೆಸರೋ ಅಣ್ಣ? ಬದುಕಿದ್ದಾಗ ಒಂದು ಸುಳ್ಳೂ ಆಡಿದವಳಲ್ಲ. ಸತ್ತವಳ ಬಾಯಿಂದ ಸುಳ್ಳು ಹೇಳಿಸಿ ಮರ ಕಡೀತಾರಂತೆ, ನಾನು ಶಾಲು ಹೊದ್ದುಕೊಂಡು ಮನೆಗೆ ಹೋಗ್ಬೇಕಂತೆ! ಮೇಲೆ ದೇವರಿದಾನೆ ಸ್ವಾಮಿ. ಅವನು ತುಂಡು ಮಾಡಿ ಕೇಳೋದಿಲ್ಲ."

ಮುಖ್ಯಸ್ಥರ ಕಡೆ ತಿರುಗಿದೆ.

"ಅವಳ ಹೆಸರು ಹಾಕೋದಾದ್ರೆ 'ಇವತ್ತೂ ಇಲ್ಲ' ಅಂತ ಬರೆದು, ಅದರ ಕೆಳಗೆ ಹಾಕಿ. ಇಲ್ಲದಿದ್ರೆ ಬೇಡ. ಅಲ್ಲಿವರೆಗೆ ನಾನು ಈ ಕುರ್ಚಿ ಬಿಟ್ಟು ಏಳಲ್ಲ."

ಮುಖ್ಯಸ್ಥರು ನನ್ನನ್ನೂ ಕುರ್ಚಿಯನ್ನೂ ನೋಡಿದರು. ಕೊನೆಗೆ ಮುಖ ಗಂಟಿಕ್ಕಿಕೊಂಡೇ ಅಚ್ಚಿನ ಮನೆಗೆ ಫೋನು ಹಚ್ಚಿ, ಕೆಲಸ ನಿಲ್ಲಿಸಲು ಹೇಳಿದರು. ಹುಡುಗಿ ಲೆಕ್ಕದಿಂದ ಹಕ್ಕಿಯನ್ನು ತೆಗೆದಳು.

"ಇನ್ನೊಂದ್ಸಲ ಸಿಳ್ಳೆ ಕೇಳ್ತೀರಾ ಅಜ್ಜಿ?"

"ಸಿಳ್ಳೆ ಬೇಡಮ್ಮ," ಎಂದೆ. "ಮಾತು ಕೇಳಿಸು."