ಬೇರಿನ ತುದಿ

ಹೊರಗೆ ಪಡಸಾಲೆಯಲ್ಲಿ ಬೆಂಚು ಕಿರುಗುಟ್ಟಿದ ಸದ್ದು — ಅವರಿಬ್ಬರೇ ಇರಬೇಕು, ಅಕ್ಕ ತಂಗಿ, ಇನ್ನೂ ಕಾಯುತ್ತಿದ್ದಾರೆ, ಇಲ್ಲಿ ಬೆಳಕಿನ ಪೆಟ್ಟಿಗೆಯ ಮೇಲೆ ಎಕ್ಸ್‌ರೇಯಲ್ಲಿ ದೊಡ್ಡವಳ ಬುದ್ಧಿಹಲ್ಲು ಬೆಳ್ಳಗೆ ತೂಗಿಕೊಂಡಿದೆ, ಹಲ್ಲಿನ ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು, ಒರೆಸಿದರೆ ಬೇರಿನ ತುದಿ ಮುಚ್ಚಿಕೊಳ್ಳುತ್ತದೆಯೇ, ಇಲ್ಲ, ತೆರೆದೇ ಇದೆ, ಎರಡು ಕಡೆಯಿಂದ ಇಳಿದು ಬಂದ ಬೇರು ಕೂಡುವ ಮೊದಲೇ ನಿಂತುಬಿಟ್ಟಿದೆ, ನಡುವೆ ಕಪ್ಪು ಸಂದು. ಮುಚ್ಚಿದ್ದರೆ ವಯಸ್ಸು ಹದಿನೆಂಟು ದಾಟಿರಬೇಕೆಂದು ಧೈರ್ಯವಾಗಿ ಬರೆಯಬಹುದಿತ್ತು, ತೆರೆದಿದ್ದರೆ ಹದಿನಾರೂ ಇರಬಹುದು, ಇಪ್ಪತ್ತೂ ಇರಬಹುದು, ಹುಟ್ಟಿದ ದಿನ ಹಲ್ಲಿಗೇನು ಗೊತ್ತು, ಅದು ತನ್ನ ಪಾಡಿಗೆ ಬೆಳೆಯುತ್ತದೆ. ಹತ್ತೊಂಬತ್ತು ಮೇಡಂ, ಬೇಕಿದ್ರೆ ಎಲ್ಲಾ ಹಲ್ಲೂ ನೋಡಿ — ಕುರ್ಚಿಯಲ್ಲಿ ಕೂತವಳೇ ಬಾಯಿ ಅಗಲಿಸಿದ್ದಳು, ಆದರೆ ಕಣ್ಣು ಬಾಗಿಲ ಕಡೆ, ಅಲ್ಲಿ ತಂಗಿ ನಾಲಿಗೆಯಿಂದ ಹಾಲುಹಲ್ಲೊಂದನ್ನು ಅಲ್ಲಾಡಿಸುತ್ತ ನಿಂತಿತ್ತು, ಬಿದ್ರೆ ನುಂಗಿಬಿಟ್ಟೀಯೆ, ಬಾ ಇಲ್ಲಿ, ಎಂದು ಅಕ್ಕ ಕೂತಲ್ಲಿಂದಲೇ ಕರೆದು, ಹತ್ತಿರ ಬಂದ ತಂಗಿಯ ಗದ್ದದ ಕೆಳಗೆ ಅಂಗೈ ಹಿಡಿದಳು. ಮನೆಗೆ ಬಿದ್ದ ಬೆಂಕಿಯಲ್ಲಿ ತಾಯಿ ಹೋದಳು, ಅದೇ ಬೆಂಕಿಯಲ್ಲಿ ವಯಸ್ಸಿನ ಕಾಗದಪತ್ರವೂ ಹೋಯಿತು, ಹದಿನೆಂಟು ತುಂಬಿದ್ದರೆ ಚಿಕ್ಕದನ್ನು ಅವಳಿಗೇ ಒಪ್ಪಿಸುತ್ತಾರೆ, ಇಲ್ಲದಿದ್ದರೆ ಇವಳೊಂದು ಆಶ್ರಮಕ್ಕೆ, ಅದೊಂದು ಆಶ್ರಮಕ್ಕೆ, ಒಂದೇ ಕಡೆ ಜಾಗವಿಲ್ಲವಂತೆ. ಇಬ್ಬರನ್ನೂ ಕರೆತಂದ ಮಕ್ಕಳ ಇಲಾಖೆಯ ಅಧಿಕಾರಿ ಕೆಟ್ಟವನಲ್ಲ, ತನ್ನ ಸ್ವೆಟರನ್ನೇ ಬಿಚ್ಚಿ ಚಿಕ್ಕದಕ್ಕೆ ಹೊದಿಸಿದ್ದಾನೆ, ಅನುಮಾನ ಬಂದ್ರೆ ಹದಿನೆಂಟಾಗಿಲ್ಲ ಅಂತಲೇ ಹಿಡೀಬೇಕು ಮೇಡಂ, ಮಕ್ಕಳಿಗೆ ಒಳ್ಳೇದಾಗ್ಲಿ ಅಂತ ಮಾಡಿರೋ ನಿಯಮ. ಒಳ್ಳೆಯದಕ್ಕೇ ಮಾಡಿದ್ದು, ಸರಿ, ಹಾಗಾದರೆ ಆ ಒಳ್ಳೆಯದು ಅಕ್ಕ ತಂಗಿಯನ್ನು ಯಾಕೆ ಬೇರೆ ಮಾಡುತ್ತದೆ.

ಮೊದಲ ಎಕ್ಸ್‌ರೇಯಲ್ಲಿ ತುದಿ ಮುಚ್ಚಿತ್ತು — ಮುಚ್ಚಿದಂತೆ ಕಾಣುತ್ತಿತ್ತು, ಓರೆಯಾಗಿ ಬಂದಿತ್ತಲ್ಲ, ಓರೆಯಾದರೆ ಬೇರಿನ ಗೋಡೆಗಳು ಒಂದರ ಮೇಲೊಂದು ಬಿದ್ದು ಸಂದು ಮುಚ್ಚಿಹೋಗುತ್ತದೆ, ಇನ್ನೊಂದು ತೆಗೆ ಎಂದವರು ಯಾರು, ನಾನೇ, ಇಷ್ಟು ವರ್ಷದ ಅಭ್ಯಾಸ, ಬಾಯಿಂದ ತಾನಾಗಿ ಬಂದುಬಿಟ್ಟಿತು. ಸಾಲ್ದಾ ಮೇಡಂ ಇದು, ಎಂದಿದ್ದಳು ಎಕ್ಸ್‌ರೇ ತೆಗೆಯುವಾಕೆ, ಬುದ್ಧಿಹಲ್ಲು ಬಂದೋರಿಗೆಲ್ಲ ಬುದ್ಧಿ ಬರೋ ಹಾಗಿದ್ರೆ ನಮ್ಮ ಯಜಮಾನ್ರಿಗೆ ಯಾವಾಗ್ಲೋ ಬರಬೇಕಿತ್ತು, ಎಂದು ನಕ್ಕು ಹುಡುಗಿಯನ್ನೂ ನಗಿಸಿ ಮತ್ತೊಂದು ತೆಗೆದಳು, ಆಮೇಲೆ ಎರಡನ್ನೂ ಮೇಜಿನ ಮೇಲಿಟ್ಟು, ಯಾವ್ದನ್ನ ವರದಿಗೆ ಹಚ್ಚಲಿ, ಎಂದು ಕೇಳಿ, ಉತ್ತರಕ್ಕೆ ನಿಲ್ಲದೆ ಟೀ ತರಲು ಹೋದಳು, ನಿಲ್ಲದೆ ಹೋದದ್ದೂ ಒಂದು ಉಪಕಾರವೇ. ಓರೆಯದನ್ನು ಹಚ್ಚಿ ಹದಿನೆಂಟು ದಾಟಿದೆ ಎಂದು ಬರೆದರೆ ಯಾರು ಕೇಳುತ್ತಾರೆ. ನನ್ನ ಅಕ್ಕನ ಹಲ್ಲನ್ನು ಯಾರೂ ನೋಡಲಿಲ್ಲ, ಅಮ್ಮ ತೀರಿಕೊಂಡ ವಾರವೇ ಗಿರಣಿಯ ಬಾಗಿಲಲ್ಲಿ ಕೆಲಸ ಕೇಳುತ್ತ ನಿಂತು ವಯಸ್ಸು ಇಪ್ಪತ್ತು ಅಂದಳು, ಗಿರಣಿಯವರು ನಂಬಿದರು, ಮನೆಯೊಡೆಯ ನಂಬಿದ, ನಾನೂ ನಂಬಿದೆ, ಕೊನೆಗೆ ಆಸ್ಪತ್ರೆಯಲ್ಲಿ ನರ್ಸು ವಯಸ್ಸು ಕೇಳಿದಾಗ ಅಕ್ಕ ಇತ್ತ ತಿರುಗಿ, ಯಾವ್ದು ಹೇಳ್ಲೇ, ಆಗ ಹೇಳಿದ್ದಾ ನಿಜದ್ದಾ, ಎಂದು ನಕ್ಕಿದ್ದಳು. ಅವಳು ಸುಳ್ಳು ಹೇಳದಿದ್ದರೆ ನಾನು ಕಾಲೇಜಿನ ಮೆಟ್ಟಿಲು ಹತ್ತುತ್ತಿರಲಿಲ್ಲ, ಸುಳ್ಳು ಹೇಳದಿದ್ದರೆ ಅವಳೂ ಹತ್ತುತ್ತಿದ್ದಳೋ ಏನೋ, ಈ ಹುಡುಗಿಯೂ ಆಶ್ರಮದಲ್ಲಾದರೆ ಓದುತ್ತಾಳೆ, ಬಿಸಿ ಊಟ, ಹಾಸಿಗೆ, ಪುಸ್ತಕ, ಪಕ್ಕದಲ್ಲಿ ತಂಗಿ ಮಾತ್ರ ಇಲ್ಲ — ಅಕ್ಕಾ, ನೀನಾಗಿದ್ದರೆ ಯಾವುದನ್ನು ಹಚ್ಚುತ್ತಿದ್ದೆ, ಅಯ್ಯೋ, ಅಕ್ಕನನ್ನು ಕೇಳುವುದೇ, ಅವಳು ಎಂದೋ ಹೇಳಿ ಆಗಿದೆಯಲ್ಲ.

ಪೆನ್ನಿನ ಮುಚ್ಚಳ ತೆಗೆದಾಯಿತು. ನೇರವಾದ ಎಕ್ಸ್‌ರೇಗೇ ಪಿನ್ನು ಬಿತ್ತು, ಕೈಗೆ ಬೇರೆ ಗೊತ್ತಿಲ್ಲ, ಹದಿನಾರರಿಂದ ಇಪ್ಪತ್ತರ ನಡುವೆ, ಖಚಿತವಾಗಿ ಹೇಳಲಾಗದು, ಇಷ್ಟು ಸತ್ಯ, ಇದರಾಚೆ ಹಲ್ಲು ಮಾತಾಡುವುದಿಲ್ಲ, ಇಬ್ಬರನ್ನೂ ಒಂದೇ ಕಡೆ ಇಡಬೇಕು ಎಂದು ಕೆಳಗೆ ಬರೆಯಲೇ, ಹಲ್ಲಿನ ಡಾಕ್ಟರು ಅದನ್ನೆಲ್ಲ ಬರೆಯುವುದುಂಟೇ, ನಕ್ಕಾರು, ನಗಲಿ, ಇಬ್ಬರನ್ನೂ — ಎಂದು ಬರೆದು ತಲೆ ಎತ್ತಿದರೆ ಬಾಗಿಲ ಗಾಜಿನಾಚೆ ಸ್ವೆಟರಿನಲ್ಲಿ ಮುಳುಗಿದ ಚಿಕ್ಕದು ಅಕ್ಕನ ಹೆಗಲಿಗೊರಗಿ ಬಾಯಿ ಕಳೆದು ನಿದ್ದೆ ಹೋಗಿದೆ, ಅಕ್ಕನೂ ತೂಕಡಿಸುತ್ತಿದ್ದಾಳೆ, ತಲೆ ವಾಲುತ್ತಿದೆ, ಕೈ ಮಾತ್ರ ವಾಲಿಲ್ಲ, ಆ ಗದ್ದದ ಕೆಳಗೆ, ಇನ್ನೂ ಬೀಳದ ಹಲ್ಲಿಗಾಗಿ, ಅಂಗೈ — ತೆರೆದೇ ಇದೆ, ಅಂಗೈ