ತಗಣಿಗೆ ತಂದ ಎಣ್ಣೆ

“ಬಚ್ಚೀ ಕೋ ಕ್ಯಾ ಲಗಾಯಾ?” ಮಗುವಿಗೆ ಏನು ಹಚ್ಚಿದಿರಿ ಎಂದು ಡಾಕ್ಟರು ಅದಕ್ಕೆ ಹೊದಿಸಿ ತಂದಿದ್ದ ಕೌದಿಯನ್ನು ಮೂಗಿನ ಹತ್ತಿರ ಹಿಡಿದು ಕೇಳಿದರು. ಬಾದಾಮಿಯ ವಾಸನೆ. ಎಂಟು ತಿಂಗಳ ನೇತ್ರಾ ಮೂಗಿಗೆ ನಳಿಗೆ ಹಾಕಿಸಿಕೊಂಡು ಮೇಜಿನ ಮೇಲೆ ಮಲಗಿದ್ದಳು. ತುಟಿ, ಉಗುರು ನೀಲಿಗಟ್ಟಿದ್ದವು. ಹಿಂದಿ ಬಾರದ ಮರಗಮ್ಮ ಗಂಡ ಯಂಕಣ್ಣನ ಮುಖ ನೋಡಿದಳು.

ಯಂಕಣ್ಣನಿಗೆ ಆ ವಾಸನೆ ಹೊಸದಲ್ಲ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಬಣ್ಣದ ಕಂಪನಿಯಲ್ಲಿ ನಾಲ್ಕು ವರ್ಷದಿಂದ ನೈಟ್ರೋಬೆಂಜೀನ್ ಡ್ರಮ್ಮು ಉರುಳಿಸುವುದೇ ಅವನ ಕೆಲಸ. ಆ ಹಳದಿ ಎಣ್ಣೆಯಿಂದ ಅನಿಲಿನ್, ಅನಿಲಿನ್‌ನಿಂದ ಸೀರೆಗೆ ಹಾಕುವ ಬಣ್ಣ. ಮೈಮೇಲೆ ಚೆಲ್ಲಿಕೊಂಡವನ ತುಟಿ ನೀಲಿಯಾಗುತ್ತದೆ. “ನೇರಳಹಣ್ಣು ಒಬ್ಬನೇ ತಿಂದೀಯೇನಲೇ?” ಎಂದು ಜೊತೆಯವರು ನಗುತ್ತಾರೆ. ಕೆಲಸದ ಮೇಸ್ತ್ರಿ ಮುಕಾದಮ ಸ್ನಾನ ಮಾಡಿಸಿ ಮನೆಗೆ ಕಳಿಸುತ್ತಾನೆ, ಮರುದಿನ ಎಲ್ಲ ಸರಿ. ಅದನ್ನು ಸವರಿದರೆ ತಿಗಣೆ ಉಳಿಯುವುದಿಲ್ಲ ಎಂದೂ ಆ ಜೊತೆಯವರೇ ಹೇಳಿದ್ದರು. ಅವರಿದ್ದ ಚಾಳಿನ ಒಂದೇ ಕೋಣೆಯ ಖೋಲಿಯಲ್ಲಿ ತಿಗಣೆ ಕಚ್ಚಿ ಮಗಳ ಮೈಯೆಲ್ಲ ದದ್ದು. ನಿನ್ನೆ ಒಂದು ಬಾಟಲಿ ತಂದು ಕೌದಿಯ ಹೊಲಿಗೆ ಹೊಲಿಗೆಗೂ ಸವರಿದ್ದ. ಒಣಗಿತೇ ಎಂದು ಮುಟ್ಟಿ ನೋಡಿಯೇ ಹೊದಿಸಿದ್ದ. ಪಾಪ, ಅವನಿಗೆ ತಿಳಿದದ್ದು ಅಷ್ಟೇ.

ಬೆಳಿಗ್ಗೆ ಮಗುವಿನ ತುಟಿ ಕಂಡು ಮರಗಮ್ಮ ದವಾಖಾನೆಗೆ ಹೊರಟೇಬಿಟ್ಟಿದ್ದಳು. ತಡೆದವನು ಅವನೇ. “ನಮಗೆಲ್ಲ ಆಗ್ತದ. ಜಳಕಾ ಮಾಡಿಸು, ಇಳೀತದ,” ಅಂದಿದ್ದ. ಅವಳು ಜಳಕ ಮಾಡಿಸಿ, ಅದೇ ಕೌದಿಯಲ್ಲಿ ಸುತ್ತಿ ತೊಟ್ಟಿಲಿಗೆ ಹಾಕಿದ್ದಳು.

ಈಗ ಅವನು ಡಾಕ್ಟರಿಗೆ ಹಿಂದಿಯಲ್ಲೇ ಎಲ್ಲವನ್ನೂ ಹೇಳಿದ, ಕಂಪನಿಯಿಂದ ಕದ್ದು ತಂದದ್ದನ್ನೂ. “ಸುಬಹ್ ಹೀ ಲಾನಾ ಥಾ,” ಬೆಳಿಗ್ಗೆಯೇ ತರಬೇಕಿತ್ತು, ದೊಡ್ಡವರು ತಡೆಯುವ ವಿಷವನ್ನು ಎಳೆಗೂಸು ತಡೆಯದು ಎನ್ನುತ್ತ ಡಾಕ್ಟರು ಇಂಜೆಕ್ಷನ್ ತರಲು ಓಡಿದರು. ಮಧ್ಯಾಹ್ನದ ಹೊತ್ತಿಗೆ ಮಗುವಿನ ಉಸಿರು ನಿಂತಿತು.

ಹೊರಗಿನ ಬೆಂಚಿನ ಮೇಲೆ ಅತ್ತು ಅತ್ತು ಸೋತ ಮೇಲೆ ಮರಗಮ್ಮ ಕೇಳಿದಳು, “ಡಾಕ್ಟರು ಏನಂದ್ರು? ಏನ್ ರೋಗಂತ?”

ಜ್ವರ ನೆತ್ತಿಗೇರಿತು ಎನ್ನಬಹುದಿತ್ತು. ದೃಷ್ಟಿ ತಾಗಿತು ಎಂದರೂ ನಂಬುತ್ತಿದ್ದಳು. ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಇಷ್ಟು ದೊಡ್ಡ ತಪ್ಪನ್ನು ಅವಳಿಂದ ಬಚ್ಚಿಟ್ಟು ಬಾಳುವುದು ತನ್ನಿಂದಾಗದು ಅನ್ನಿಸಿತು ಅವನಿಗೆ.

“ರೋಗಲ್ಲ. ತಗಣಿಗಂತ ಕೌದಿಗೆ ಎಣ್ಣಿ ಹಚ್ಚಿದ್ನಲ್ಲ, ಅದರ ವಿಷ. ನಂದೇ ತಪ್ಪು. ನನ್ನ ಹೊಡಿ, ಬೈಯಿ, ಏನಾರ ಮಾಡು.”



“ಜಳಕಾ ಆದಮ್ಯಾಲ ನಾನೇ ಸುತ್ತಿದ್ನಲ್ಲ,” ಅಂದಳು ಮರಗಮ್ಮ. “ಥಂಡಿ ಹತ್ತಬಾರದಂತ ಬಿಗಿ ಸುತ್ತಿದ್ದೆ.”

ನಿಜ ಹೇಳಿದರೆ ಅವಳು ತನ್ನನ್ನೇ ದೂರಿಕೊಂಡಾಳೆಂದು ಯಂಕಣ್ಣ ಯೋಚಿಸಿರಲಿಲ್ಲ. ಇಲ್ಲ, ಇಲ್ಲ ಎನ್ನುತ್ತ ಅವಳ ಹೆಗಲು ಹಿಡಿದ. ಅಷ್ಟರಲ್ಲಿ ಒಳಗಿನಿಂದ ಆಯಾ, ಮಗುವನ್ನು ತೆಗೆದುಕೊಂಡು ಹೋಗಿರೆಂದು ಕರೆದಳು. ಇಬ್ಬರೂ ಏಳಲಿಲ್ಲ.